ಯಾರೂ ಕೂರಬಾರದ ಮೆತ್ತೆ

ಆ ಮೆತ್ತೆಯ ಬಣ್ಣ ಇಟ್ಟಿಗೆ ಕೆಂಪು ಎಂದು ನನ್ನ ನೆನಪು. ಡೈರಿಯಲ್ಲಿ ಕಂದು ಎಂದು ಬರೆದಿದ್ದೇನೆ. ಫೋನಿನಲ್ಲಿರುವ ಫೋಟೋ ನೋಡಿದರೆ ಎರಡೂ ಅಲ್ಲ, ಈ ಊರಿನವರು ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಸಾರಿನ ಬಣ್ಣ. ಹಾಗಾಗಿ ಇದನ್ನು ಓದುವವರು ಬಣ್ಣದ ವಿಷಯದಲ್ಲಿ, ಯಾವ ವಾರ ಏನಾಯಿತು ಎಂಬ ವಿಷಯದಲ್ಲಿ, ಯಾರು ಮೊದಲು ಏನಂದರು ಎಂಬ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ಬರೆದಿಟ್ಟದ್ದನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ಬರೆಯುವ ಹೊತ್ತಿಗೆ ಆಗಲೇ ಸ್ವಲ್ಪ ಚಂದ ಮಾಡಿರುತ್ತೇನೆ. ಒಬ್ಬ ದಪ್ಪನೆಯ ಮನುಷ್ಯ ಗಂಡಭೇರುಂಡದ ಮೇಲೆ ಕೂತದ್ದು ಮಾತ್ರ ನಿಜ. ಅದನ್ನು ಕಣ್ಣಾರೆ ನೋಡಿದ್ದೇನೆ.

ನಾನಿರುವುದು ಜಪಾನಿನ ಒಕಾಜಾಕಿಯಲ್ಲಿ, ಸಂಶೋಧನಾ ಸಂಸ್ಥೆಯೊಂದರ ಲ್ಯಾಬಿನಲ್ಲಿ ಕೆಲಸ. ಗಂಡ ನಗೋಯಾ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾನೆ, ಭಾನುವಾರ ಮಧ್ಯಾಹ್ನದವರೆಗೆ ಮಲಗುತ್ತಾನೆ. ನಮ್ಮ ಲ್ಯಾಬಿನ ಕಾರ್ಯದರ್ಶಿ ಒಮ್ಮೆ ನನ್ನನ್ನು ತನ್ನ ಚರ್ಚಿನ ಬಜಾರಿಗೆ ಕರೆದುಕೊಂಡು ಹೋದಳು. ಪುಟ್ಟ ಎಪಿಸ್ಕೋಪಲ್ ಚರ್ಚು, ಮರದ್ದು. ಹೊರಗೆ ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಬಾಗಿಲ ಗಾಜಿನ ಮೇಲೆ ಒಂದು ಕಾಮನಬಿಲ್ಲು ಅಂಟಿಸಿ, ಕೆಳಗೆ ಯಾರು ಬೇಕಾದರೂ ಬನ್ನಿ ಎಂದು ಬರೆದಿದ್ದರು.

"ನಾನು ಹಿಂದೂ" ಎಂದೆ, ಯಾರೂ ಕೇಳದಿದ್ದರೂ.

"ಒಳ್ಳೆಯದು. ಖಾರ ತಿನ್ನುತ್ತೀರಾ?" ಎಂದರು ಪಾದ್ರಿ. ಹೆಂಗಸು, ನನ್ನಷ್ಟೇ ಎತ್ತರ, ಗಟ್ಟಿ ದನಿ. ಆ ದಿನ ಯಾರೋ ಅನ್ನಕ್ಕೆ ಹಾಕುವ ಕರ್ರಿ ಸಾರಿಗೆ ಖಾರ ಮಿತಿ ಮೀರಿ ಹಾಕಿಬಿಟ್ಟಿದ್ದರು, ಇಡೀ ಪಾತ್ರೆ ಹಾಗೇ ಕೂತಿತ್ತು. ನಾನು ಎರಡು ತಟ್ಟೆ ತಿಂದೆ. ಎಲ್ಲರೂ ಕೈಮುಗಿಯುವಂತೆ ನೋಡಿದರು. ಅಂದಿನಿಂದ ಹೋಗುತ್ತಲೇ ಇದ್ದೇನೆ. ಯಾಕೆ ಎಂದು ಕೇಳಿದವರಿಗೆ ಊಟಕ್ಕೆ ಎನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಉಳಿದದ್ದು ಏನೆಂದು ನನಗೇ ತಿಳಿದಿಲ್ಲ.

ಈ ಚರ್ಚಿನ ಬೆಂಚುಗಳ ಮೇಲಿದ್ದ ಹಳೆಯ ಮೆತ್ತೆಗಳು ಅಪ್ಪಳದಷ್ಟು ತೆಳ್ಳಗಾಗಿದ್ದವು. ಹೊಸದು ಮಾಡುವುದೆಂದು ತೀರ್ಮಾನವಾಯಿತು. ಒಂದೊಂದು ಮನೆಯವರಿಗೂ ಒಂದು ಚೌಕ ಬಟ್ಟೆ ಕೊಡುವುದು, ಅವರು ಅದರ ಮೇಲೆ ತಮ್ಮನ್ನು ಹೇಳುವ ಒಂದು ಚಿಹ್ನೆಯನ್ನು ಕಸೂತಿ ಹಾಕುವುದು, ಆಮೇಲೆ ಹೊಲಿಗೆ ಗುಂಪಿನವರು ಒಳಗೆ ಹತ್ತಿ ತುಂಬಿ ಮೆತ್ತೆ ಮಾಡುವುದು. ಹೊಲಿಗೆ ಗುಂಪಿನ ಯಜಮಾನಿ ಒಬ್ಬ ಮುದುಕಿ, ಸೊಂಟ ನೋವಿನವರು, ಸೂಜಿಯ ವಿಷಯದಲ್ಲಿ ದೇವರಿಗೂ ವಿನಾಯಿತಿ ಕೊಡದವರು. ಅವರು ಮಿಸೊ ಹುದುಗಿಸುವ ದೊಡ್ಡ ಪೀಪಾಯಿಯನ್ನೂ ಅದರ ಮೇಲೆ ಪೇರಿಸಿದ ಕಲ್ಲುಗಳನ್ನೂ ಹಾಕಿದರು. ತಾಳ್ಮೆ ಎಂದರ್ಥವಂತೆ. ಒಂದು ಫಿಲಿಪೀನ್ಸ್ ಕುಟುಂಬ ಹುಂಜ ಹಾಕಿತು. ರೈಲಿನ ಹುಚ್ಚಿನ ನಿವೃತ್ತ ಎಂಜಿನಿಯರ್ ಒಬ್ಬರು ಬುಲೆಟ್ ಟ್ರೇನ್ ಹಾಕಿದರು. ಅದು ಏನನ್ನು ಸೂಚಿಸುತ್ತದೆ ಎಂದು ಪಾದ್ರಿಯಮ್ಮ ಕೇಳಿದಾಗ "ಬುಲೆಟ್ ಟ್ರೇನನ್ನು" ಎಂದರು.

ನನ್ನ ಪಾಲಿನ ಬಟ್ಟೆ ಮನೆಗೆ ಬಂದಾಗ ಅತ್ತೆ ನಮ್ಮಲ್ಲಿದ್ದಳು. ಗಂಡನ ತಾಯಿ ಅಲ್ಲ, ಸೋದರತ್ತೆ, ನನ್ನ ಅಪ್ಪನ ಅಕ್ಕ. ನಮ್ಮ ಮನೆಯಲ್ಲಿ ಅವಳಿಗೆ ಏಕವಚನವೇ, ಇಲ್ಲೂ ಹಾಗೇ ಬರೆಯುತ್ತೇನೆ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಮತ್ತು ಡ್ರಾಯಿಂಗ್ ಟೀಚರಾಗಿದ್ದವಳು. ಮದುವೆಯಾಗಲಿಲ್ಲ. ಅದೇ ಸ್ಕೂಲಿನ ಲೆಕ್ಕದ ಮೇಡಂ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದಳು, ನಾನು ಹುಟ್ಟುವ ಮುಂಚಿನಿಂದ. "ಇಬ್ಬರೂ ಒಂಟಿ, ಬಾಡಿಗೆ ಉಳಿಯುತ್ತೆ" ಎಂದು ನಮ್ಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಲೆಕ್ಕದ ಮೇಡಂ ನೆನಪು ನನಗೆ ಎರಡೇ ವಸ್ತುಗಳಲ್ಲಿದೆ. ಒಂದು ದುಂಡು ಕನ್ನಡಕ, ಇನ್ನೊಂದು ದೊಡ್ಡ ಕಪ್ಪು ಛತ್ರಿ. ಅವರು ಹೋದ ವರ್ಷ ತೀರಿಕೊಂಡರು. ಮೇಡಂ ಅವರ ಅಣ್ಣನ ಮಕ್ಕಳು ಬಂದು ಅವರ ಮಂಚ, ಬೀರು, ಗೋಡೆಯ ಮೇಲಿದ್ದ ಫೋಟೋ ಎಲ್ಲ ತೆಗೆದುಕೊಂಡು ಹೋದರು. ಅಪ್ಪ ಅತ್ತೆಗೆ ಟಿಕೆಟ್ ಮಾಡಿಸಿ, "ಸ್ವಲ್ಪ ಜಾಗ ಬದಲಾವಣೆ ಆಗ್ಲಿ ಅವಳಿಗೆ" ಎಂದು ನನ್ನ ಹತ್ತಿರ ಕಳಿಸಿದರು.

ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ಬಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ಆಗ ಏನು ಹೇಳಿದೆ ಎನ್ನುವುದರ ಬಗ್ಗೆ ನಮ್ಮಿಬ್ಬರಿಗೂ ಇವತ್ತಿಗೂ ಜಗಳ. ಕೂರುವ ಮೆತ್ತೆಗೆ ಎಂದು ಹೇಳಿದ್ದೆ ಅನ್ನುತ್ತೇನೆ ನಾನು. "ಚರ್ಚಿಗೆ ತಮ್ಮನ್ನು ಹೇಳೋ ಚಿಹ್ನೆ ಬೇಕಂತೆ ಅಂದೆ, ಅಷ್ಟೇ" ಅನ್ನುತ್ತಾಳೆ ಅವಳು. ಬಹುಶಃ ಅವಳೇ ಸರಿ. ದೇವರ ಮುಂದೆ ಇಳಿಬಿಡುವ ಪರದೆಯೋ, ಪೀಠದ ಮೇಲೆ ಹಾಸುವ ವಸ್ತ್ರವೋ ಇರಬೇಕೆಂದು ಅವಳು ಎಣಿಸಿದಳು. ಮೈಸೂರಿನವಳಿಗೆ ದೇವಸ್ಥಾನಕ್ಕೆ ಕೊಡುವ ಕಸೂತಿ ಎಂದರೆ ಇನ್ನೇನು ಇದ್ದೀತು?

ರಿಂಗಿಗೆ ಬಟ್ಟೆ ಬಿಗಿದು ಕೂತವಳು ಯಾವುದೋ ಹಕ್ಕಿ ಮಾಡುತ್ತಿದ್ದಾಳೆ ಎಂದುಕೊಂಡೆ. ಒಂದು ತಲೆ ಎಡಕ್ಕೆ ತಿರುಗಿತು. ಕೆಲವು ದಿನ ಬಿಟ್ಟು ಇನ್ನೊಂದು ಬಲಕ್ಕೆ.

"ಗಂಡಭೇರುಂಡಾನಾ ಅತ್ತೆ? ಇದು ಚರ್ಚು. ಬಸ್ ಸ್ಟ್ಯಾಂಡ್ ಅಲ್ಲ."

"ಸರ್ಕಾರಿ ಬಸ್ ಮೇಲೆ ಹಾಕೋಕೆ ಮುಂಚೆ ಅರಮನೇಲಿತ್ತು. ತಮ್ಮನ್ನು ಹೇಳೋ ಚಿಹ್ನೆ ಅಂದೆಯಲ್ಲ? ಸ್ಕೂಲಲ್ಲಿ ನಮ್ಮಿಬ್ಬರಿಗೆ ಹುಡುಗೀರು ಇಟ್ಟಿದ್ದ ಹೆಸರು ಇದೇ. ಮಳೇಲಿ ಒಂದೇ ಛತ್ರೀಲಿ ಬರ್ತಿದ್ವಲ್ಲ, ದೂರದಿಂದ ನೋಡಿದ್ರೆ ಒಂದು ಮೈ ಎರಡು ತಲೆ. 'ಗಂಡಭೇರುಂಡ ಬಂತು, ಗಂಡಭೇರುಂಡ ಬಂತು' ಅಂತ ಪಿಸಪಿಸ ಅನ್ನೋವು. ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ವು ಕತ್ತೆಗಳು."

ನಾನು ಹತ್ತಿರ ಬಗ್ಗಿ ನೋಡಿದೆ. "ಅತ್ತೆ, ಈ ತಲೆಗೆ ಕನ್ನಡಕ ಹಾಕಿದೀಯ."

"ಅದಕ್ಕೆ ಕಣ್ಣು ಕಾಣ್ಸಲ್ಲ" ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ಹೊಸ ಮೆತ್ತೆಗಳನ್ನು ಹಾಕಿದ ಭಾನುವಾರ ಅತ್ತೆ ಮೈಸೂರು ಸಿಲ್ಕ್ ಉಟ್ಟು ಬಂದಳು. ಅಷ್ಟು ಹೊತ್ತಿಗೆ ಚರ್ಚಿನವರಿಗೆಲ್ಲ ಅವಳು ಪರಿಚಯ. ನಾನು ಅತ್ತೆ ಅತ್ತೆ ಎನ್ನುವುದನ್ನು ಕೇಳಿ ಅದೇ ಹೆಸರೆಂದುಕೊಂಡು, ಇಲ್ಲಿ ಗೌರವಕ್ಕೆ ಹಚ್ಚುವ ಸಾನ್ ಸೇರಿಸಿ, "ಅತ್ತೆ-ಸಾನ್" ಎಂದು ಕರೆಯುತ್ತಿದ್ದರು. ಚಪ್ಪಲಿ ಹೊರಗೆ ಬಿಡುವ ಪದ್ಧತಿ ನೋಡಿ ಅವಳೂ ಅವರನ್ನು ಒಪ್ಪಿದ್ದಳು. ಮೊದಲ ದಿನ ಪಾದ್ರಿಯಮ್ಮ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದಾಗ ಇವಳು ಅವರ ಕಾಲು ಮುಟ್ಟಲು ಬಗ್ಗಿ, ಅವರು ಇವಳಿಗೇನೋ ಬಿದ್ದುಹೋಯಿತೆಂದು ಹುಡುಕಲು ಬಗ್ಗಿ, ಇಬ್ಬರ ತಲೆಗಳೂ ಡಿಕ್ಕಿ ಹೊಡೆದಿದ್ದವು.

ಅತ್ತೆ ಮೊದಲು ದೇವರ ಪೀಠ ನೋಡಿದಳು. ಅಲ್ಲಿ ಹಳೇ ಬಿಳಿ ವಸ್ತ್ರ. ಆಮೇಲೆ ಗೋಡೆ ನೋಡಿದಳು. ಆಮೇಲೆ ನಮ್ಮ ಮುಂದಿನ ಬೆಂಚು. ಅವಳ ಹಕ್ಕಿ ಎರಡೂ ರೆಕ್ಕೆ ಚಾಚಿ ಅಲ್ಲಿ ಮಲಗಿತ್ತು. ನೋಡುತ್ತಿದ್ದ ಹಾಗೇ ರೈಲಿನ ಎಂಜಿನಿಯರ್ ಬಂದು, ನಮಗೆ ತಲೆಬಾಗಿ, ಪ್ಯಾಂಟು ಮೇಲೆಳೆದುಕೊಂಡು, ನಿಧಾನವಾಗಿ ಅದರ ಮೇಲೆ ಇಳಿದರು.

ಅತ್ತೆ ನನ್ನ ಮಣಿಕಟ್ಟು ಹಿಡಿದಳು. "ಏ! ಎಲ್ಲಿ ಕೂತ ನೋಡೇ ಅವನು!"

"ಶ್, ಅತ್ತೆ. ಪ್ರಾರ್ಥನೆ."

"ಪ್ರಾರ್ಥನೆ ಅಂತ ಅವನ ಕುಂಡಿಗೆ ಗೊತ್ತಾ? ಎಬ್ಬಿಸು."

"ಅದು ಕೂರೋ ಮೆತ್ತೇನೇ ಅತ್ತೆ. ಹೇಳಿದ್ನಲ್ಲ."

"ಯಾವಾಗ ಹೇಳಿದೆ?"

ಸುವಾರ್ತೆ ಓದುವಾಗ ಎಲ್ಲರೂ ಎದ್ದು ನಿಲ್ಲುವುದು ಕ್ರಮ. ಎದ್ದರು. ಅತ್ತೆ ಬೆಂಚಿನ ಮೇಲಿಂದ ಮುಂದೆ ಬಾಗಿ, ತನಗೆ ಬರುತ್ತಿದ್ದ ಏಕೈಕ ಜಪಾನಿ ಮಾತನ್ನು, ಕ್ಷಮಿಸಿ ಎಂಬುದನ್ನು, ಬಳಸಿದಳು. "ಸುಮಿಮಾಸೆನ್." ಮೆತ್ತೆಯನ್ನು ಸರಕ್ಕನೆ ಎಳೆದುಕೊಂಡಳು. ಓದು ಮುಗಿದು ಎಲ್ಲರೂ ಕೂತಾಗ ಎಂಜಿನಿಯರ್ ಬರೀ ಹಲಗೆಯ ಮೇಲೆ ಕೂತ ಸದ್ದು ಇಡೀ ಚರ್ಚಿಗೆ ಕೇಳಿಸಿತು. ಅವರು ತಿರುಗಿ ನೋಡಿದರು. ಅತ್ತೆ ಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಎರಡೂ ಕೊಕ್ಕುಗಳನ್ನು ಒರೆಸುತ್ತಿದ್ದಳು. ಅವರು ಇನ್ನೊಮ್ಮೆ ತಲೆಬಾಗಿದರು. ಈ ದೇಶದಲ್ಲಿ ಏನೂ ಅರ್ಥವಾಗದಿದ್ದಾಗ ತಲೆಬಾಗಬಹುದು, ಅದು ಬಹಳ ಅನುಕೂಲ.

ಊಟದ ಹೊತ್ತಿಗೆ ಹೊಲಿಗೆಯ ಯಜಮಾನಿ ನನ್ನನ್ನು ಪಕ್ಕಕ್ಕೆ ಕರೆದು, ಮೆತ್ತೆಯಲ್ಲಿ ಹತ್ತಿ ಸರಿಯಾಗಿ ತುಂಬಿರಲಿಲ್ಲವೇ ಎಂದು ಬಹಳ ನೊಂದು ಕೇಳಿದರು. ಅರಸರ ಲಾಂಛನ, ಅದರ ಮೇಲೆ ಕೂರುವುದೆಂದರೇನು, ಲೆಕ್ಕದ ಮೇಡಂ, ಛತ್ರಿ, ಅದನ್ನೆಲ್ಲ ವಿನಯದ ಜಪಾನಿಯಲ್ಲಿ ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ. ಇತ್ತೋ ಏನೋ. ಆದರೆ ಊಟ ಆರುತ್ತಿತ್ತು. "ಅವರ ಊರಿನಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ತಮ್ಮ ಚಿಹ್ನೆಯನ್ನು ಎದೆಯ ಹತ್ತಿರ ಇಟ್ಟುಕೊಳ್ಳುವುದು ವಾಡಿಕೆ" ಎಂದೆ.

"ಆಹಾ" ಎಂದರು ಯಜಮಾನಿ, ಕಣ್ಣರಳಿಸಿ.

ಮುಂದಿನ ಭಾನುವಾರ ಒಳಗೆ ಹೋಗಿ ನೋಡುತ್ತೇನೆ, ಇಡೀ ಚರ್ಚು ಮೆತ್ತೆಗಳನ್ನು ಎದೆಗೊತ್ತಿಕೊಂಡು ಬರೀ ಹಲಗೆಯ ಮೇಲೆ ಕೂತಿದೆ. ಹುಂಜ, ಪೀಪಾಯಿ, ದ್ರಾಕ್ಷಿ, ಮೀನು, ಬುಲೆಟ್ ಟ್ರೇನ್. ಊರುಗೋಲಿನವರೂ ಬಿಟ್ಟಿರಲಿಲ್ಲ. ಅತಿಥಿಯೊಬ್ಬಳು ಒಬ್ಬಳೇ ಬೇರೆಯಾಗಿ ಕಾಣಬಾರದು ಎಂಬ ದಾಕ್ಷಿಣ್ಯ. ಮೊದಲ ಕೀರ್ತನೆಯ ಹೊತ್ತಿಗೇ ಬೆಂಚುಗಳು ಕಿರುಗುಟ್ಟತೊಡಗಿದವು. ಯಜಮಾನಿ ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ತಾಳ್ಮೆಯ ಪೀಪಾಯಿಯನ್ನು ಬಿಗಿಯಾಗಿ ಅವುಚಿಕೊಂಡಿದ್ದರು. ಪಾದ್ರಿಯಮ್ಮ ಒಮ್ಮೆ ಎಲ್ಲರ ಮುಖ ನೋಡಿ ಪ್ರವಚನವನ್ನು ಅರ್ಧಕ್ಕೇ ಮುಗಿಸಿದರು. ಅವರ ಪ್ರವಚನ ಅರ್ಧಕ್ಕೆ ಮುಗಿದದ್ದು ಅದಕ್ಕೂ ಮುಂಚೆ ಇಲ್ಲ, ಆಮೇಲೂ ಇಲ್ಲ.

"ನೋಡು, ಒಂದು ಸಲ ತೋರಿಸಿದ್ದಕ್ಕೇ ಕಲಿತುಬಿಟ್ರು" ಎಂದಳು ಅತ್ತೆ ಸಂತೋಷದಿಂದ. "ನಮ್ಮೂರಲ್ಲಿ ಇಷ್ಟು ಬೇಗ ಕಲಿಯೋರನ್ನ ನಾನು ನೋಡಿಲ್ಲ."

ಇದನ್ನು ನಿಲ್ಲಿಸಲೇಬೇಕಿತ್ತು. ಪಾದ್ರಿಯಮ್ಮನಿಗೆ ನಿಜ ಹೇಳಿದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕರು, ಆಮೇಲೆ ತುಂಬ ಗಂಭೀರವಾಗಿ ಯೋಚಿಸಿದರು. ಇನ್ನೊಂದು ಮೆತ್ತೆ ನಾವು ಹೊಲಿಸುತ್ತೇವೆ, ಅತ್ತೆ-ಸಾನರದನ್ನು ಕಟ್ಟು ಹಾಕಿಸಿ, ಗಾಜಿನೊಳಗೆ, ಬಾಗಿಲ ಎದುರಿನ ಗೋಡೆಗೆ ಹಾಕೋಣ ಎಂದರು. ಅದಕ್ಕಿಂತ ದೊಡ್ಡ ಗೌರವ ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅತ್ತೆ ಒಂದೇ ಏಟಿಗೆ ಬೇಡವೆಂದಳು.

"ಯಾಕೆ? ಎಲ್ಲರೂ ನೋಡ್ತಾರೆ."

"ಕಟ್ಟು ಹಾಕಿ, ಗಾಜು ಹಾಕಿ, ಗೋಡೆಗೆ ಹಾಕೋದು. ಹಾರ ಒಂದು ಬಾಕಿ. ಅಂಥ ಫೋಟೋ ಆಗಲೇ ಒಂದಿದೆ, ಅವರ ಅಣ್ಣನ ಮಕ್ಕಳ ಹಾಲ್‌ನಲ್ಲಿ. ವೈಕುಂಠ ಸಮಾರಾಧನೆಗೆ ಹೋಗಿದ್ನಲ್ಲ, ಮನೆಯವರೆಲ್ಲ ಒಂದು ಕಡೆ, ಬಂದವರೆಲ್ಲ ಒಂದು ಕಡೆ. ನನ್ನನ್ನ ಬಂದವರ ಪಂಕ್ತೀಲಿ ಕೂರಿಸಿದ್ರು, ಗ್ಯಾಸ್ ಏಜೆನ್ಸಿಯವನ ಪಕ್ಕದಲ್ಲಿ. ಅವನು ನನಗೆ ಪಾಯಸ ಬಡಿಸಿ ಅಂತ ಹೇಳ್ತಿದ್ದ, ಪಾಪ, ಒಳ್ಳೆಯವನು." ಮೆತ್ತೆಯ ಅಂಚನ್ನು ಸವರಿದಳು. "ಗೋಡೆ ಬೇಡ. ಯಾರೂ ಮೇಲೆ ಕೂರಲೂಬಾರದು. ಬೆಂಚಿನ ಮೇಲೆ, ಎಲ್ಲರ ಹಾಗೆ, ಒಂದು ಜಾಗ. ನಾನು ಊರಿಗೆ ಹೋಗೋದ್ರೊಳಗೆ ಅಷ್ಟು ಮಾಡು."

ಕೂರಬಾರದು, ಆದರೆ ಬೆಂಚಿನ ಮೇಲೇ ಇರಬೇಕು. ನನ್ನ ಸಂಶೋಧನೆಯಲ್ಲಿ ಇದಕ್ಕಿಂತ ಸುಲಭದ ಸಮಸ್ಯೆಗಳಿವೆ. ಅವಳ ವಿಮಾನ ಹತ್ತಿರ ಬರುತ್ತಿತ್ತು. ಅವಳು ಹೋದ ಮೇಲೆ ಯಾರೋ ಒಬ್ಬರು, ಹೊಸಬರು, ಏನೂ ಅರಿಯದೆ ಬಂದು ಕೂತೇ ಕೂರುತ್ತಾರೆ. ಅದು ಅವಳಿಗೂ ಗೊತ್ತಿತ್ತು. ಪ್ರತಿ ಭಾನುವಾರ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಉಳಿದವರನ್ನು ಪಾದ್ರಿಯಮ್ಮ ಹೇಗೋ ಸಮಾಧಾನ ಮಾಡಿ ಮತ್ತೆ ಮೆತ್ತೆಯ ಮೇಲೆ ಕೂರಿಸಿದ್ದರು. ಯಜಮಾನಿಯ ಮುಖದಲ್ಲಿ ಜೀವ ಬಂದಿತ್ತು.

ಕಾಯುತ್ತ ಕೂತವಳು ಸುತ್ತಲೂ ನೋಡುತ್ತಿದ್ದಳು. ಒಂದು ಭಾನುವಾರ ನನ್ನ ಕಿವಿಯಲ್ಲಿ ಕೇಳಿದಳು. "ಹಿಂದಿನ ಬೆಂಚಿನವರು ಇಬ್ಬರು ಯಾರು?"

ನಾನು ತಿರುಗದೆಯೇ ತಿಳಿದುಕೊಂಡೆ. ಕೊನೆಯ ಬೆಂಚಿನಲ್ಲಿ ಯಾವಾಗಲೂ ಇಬ್ಬರು ಗಂಡಸರು ಕೂರುತ್ತಾರೆ. ಎತ್ತರದವರು ಪಿಯಾನೊ ಶ್ರುತಿ ಮಾಡುವವರು. ಗಿಡ್ಡನೆಯವರು, ಕನ್ನಡಕದವರು, ಮೊದಲು ಹಲ್ಲಿನ ಡಾಕ್ಟರಾಗಿದ್ದವರು. ಎಷ್ಟೋ ಕಾಲದಿಂದ ಜೊತೆಗಿರುವ ಜೋಡಿ ಅದು. ಚರ್ಚಿಗೆಲ್ಲ ಗೊತ್ತು, ಅವರ ವಾರ್ಷಿಕೋತ್ಸವಕ್ಕೆ ಇಲ್ಲೇ ಕೇಕ್ ಕತ್ತರಿಸುತ್ತಾರೆ. ಆದರೂ ಬೆಂಚಿನ ಮೇಲೆ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುವುದು. ಇಲ್ಲಿಗೆ ಬರುವ ಮುಂಚೆ, ಬೇರೆ ಕಡೆಗಳಲ್ಲಿ, ಹಾಗೆ ಕೂತು ಕೂತು ಅಭ್ಯಾಸ. ಇಲ್ಲಿ ಯಾರೂ ಏನೂ ಅನ್ನುವುದಿಲ್ಲವೆಂದು ಗೊತ್ತಾದ ಮೇಲೂ ಹೋಗದ ಅಭ್ಯಾಸ ಎಂದು ಪಾದ್ರಿಯಮ್ಮ ನನಗೊಮ್ಮೆ ಹೇಳಿದ್ದರು.

ಇದನ್ನು ಅತ್ತೆಗೆ ಹೇಗೆ ಹೇಳುವುದು? ಹೇಳಿದರೆ ಹಿಂದೆಯೇ ಹತ್ತು ಪ್ರಶ್ನೆ. ಮೈಸೂರಿನಲ್ಲಿ ಅಪ್ಪನಿಗೆ ಹೋಗಿ ಹೇಳಿದರೆ ಇನ್ನಷ್ಟು. ನಾನು ಪಿಎಚ್‌ಡಿ ಮಾಡಿದವಳು, ಕಾಮನಬಿಲ್ಲಿನ ಬಾಗಿಲು ದಾಟಿ ಬರುವವಳು. ನನ್ನ ಬಾಯಿಗೆ ಬಂದದ್ದು ಇಷ್ಟು:

"ಸ್ನೇಹಿತರು ಅತ್ತೆ. ಒಂದೇ ಮನೇಲಿದಾರೆ. ಬಾಡಿಗೆ ಉಳಿಯುತ್ತೆ ಅಂತ."

ಅತ್ತೆ ನನ್ನನ್ನು ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು. ಮಡಿಲಲ್ಲಿದ್ದ ಹಕ್ಕಿಯೂ ಜೊತೆಗೆ ಕುಲುಕಿತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗುವಿನ ಸದ್ದು ಹೊರಗೆ ಬಂದೇಬಿಟ್ಟಿತು, ಸರಿಯಾಗಿ ಎಲ್ಲರೂ ಮೌನವಾಗಿ ತಮ್ಮ ತಪ್ಪುಗಳನ್ನು ನೆನೆಯುವ ಹೊತ್ತಿನಲ್ಲಿ.

"ಏನಾಯ್ತು ಅತ್ತೆ?"

"ಏನಿಲ್ಲ. ನೀನು ನಿಮ್ಮಪ್ಪನ ಮಗಳು." ಕಣ್ಣೊರೆಸಿಕೊಂಡಳು. "ಉಳಿಯುತ್ತೆ, ಉಳಿಯುತ್ತೆ. ತುಂಬಾ ಉಳಿಯುತ್ತೆ ಬಾಡಿಗೆ."

ಅವಳ ಕೊನೆಯ ಭಾನುವಾರ, ಪ್ರಾರ್ಥನೆ ಶುರುವಾಗುವ ಮುಂಚೆ, ಅತ್ತೆ ನನ್ನನ್ನು ಕೇಳದೆ ಎದ್ದು ಹಿಂದಕ್ಕೆ ಹೋದಳು. ಅನುವಾದ ಮಾಡಲು ನಾನು ಓಡಿದೆ. ಅನುವಾದ ಬೇಕಾಗಲಿಲ್ಲ. "ಸುಮಿಮಾಸೆನ್" ಎಂದು ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಮೆತ್ತೆಯನ್ನಿಟ್ಟಳು. ಸರಿಯಾಗಿ ಕೂತಿತು, ಆ ಜಾಗವನ್ನು ಅಳೆದು ಹೊಲಿದ ಹಾಗೆ. ಸ್ವಲ್ಪ ನೋಡಿ, ನಾಲಿಗೆ ಕಚ್ಚಿಕೊಂಡು, ಅದನ್ನೆತ್ತಿ ಅರ್ಧ ಸುತ್ತು ತಿರುಗಿಸಿ ಮತ್ತೆ ಇಟ್ಟಳು. ಈಗ ಕನ್ನಡಕದ ತಲೆ ಕನ್ನಡಕದವರ ಕಡೆಗಿತ್ತು.

ಹಲ್ಲಿನ ಡಾಕ್ಟರು ಬಗ್ಗಿ ನೋಡಿದರು. ತಮ್ಮ ಕನ್ನಡಕ ಮುಟ್ಟಿಕೊಂಡರು, ಹಕ್ಕಿಯದನ್ನು ಮುಟ್ಟಿದರು.

"ಇದು ನಾನಾ?" ಎಂದು ಪಕ್ಕದವರನ್ನು ಕೇಳಿದರು.

"ಕೊಕ್ಕು ನಿನ್ನದೇ" ಎಂದರು ಪಿಯಾನೊದವರು.

ಅತ್ತೆ ತನ್ನ ಸೊಂಟದ ಕೆಳಗೆ ಎರಡು ಸಲ ಚಟಚಟ ತಟ್ಟಿ, ಮೆತ್ತೆಯ ಕಡೆ ಬೆರಳು ತೋರಿಸಿ, ಆ ಬೆರಳನ್ನು ಇಬ್ಬರ ಮುಂದೆಯೂ ಜೋರಾಗಿ ಆಡಿಸಿದಳು. ಹೈಸ್ಕೂಲಿನ ಹುಡುಗಿಯರು ನಡುಗುತ್ತಿದ್ದ ಬೆರಳು ಅದು. ಇಬ್ಬರೂ ಎದ್ದು ನಿಂತು, ಸೊಂಟದವರೆಗೆ ಬಾಗಿ, "ಹಾಯ್" ಎಂದರು. ಇಲ್ಲಿ ಹಾಗಂದರೆ ಅಪ್ಪಣೆ ಎಂದರ್ಥ. ಅತ್ತೆಗೆ ಅದು ಗೊತ್ತಿರಲಿಲ್ಲ. ಅವಳೂ ಕೈ ಬೀಸಿ "ಹಾಯ್, ಹಾಯ್" ಎಂದಳು.

ಅವಳು ಹೋದ ಮೇಲೂ ಮೆತ್ತೆ ಅಲ್ಲೇ ಇದೆ. ಯಾರೂ ಕೂತಿಲ್ಲ, ಕೂರಲು ಜಾಗವೂ ಇಲ್ಲ, ಎರಡೂ ಕಡೆ ಜನರಿದ್ದಾರೆ. ಅವರು ಮೊದಲಿಗಿಂತ ಹತ್ತಿರ ಕೂರುತ್ತಾರೆ ಎಂದು ನನಗೆ ಕಾಣುತ್ತದೆ. ಹಕ್ಕಿಯ ರೆಕ್ಕೆಗಳು ಎರಡೂ ಬದಿಯಿಂದ ಒತ್ತಿ ಸುಕ್ಕಾಗಿವೆ. ಹಾಗೆ ಕಾಣಲಿ ಎಂದು ನಾನು ಬಯಸುತ್ತಿರುವುದರಿಂದ ಹಾಗೆ ಕಾಣುತ್ತಿರಲೂಬಹುದು. ಹತ್ತಿ ಅಂಚಿನಲ್ಲಿ ಗಂಟಾಗಿದೆ ಎನ್ನುತ್ತಾರೆ ಹೊಲಿಗೆಯ ಯಜಮಾನಿ.

ಅತ್ತೆ ವೀಡಿಯೊ ಕಾಲ್ ಮಾಡಿದಾಗಲೆಲ್ಲ ಮೊದಲ ಮಾತು, "ಯಾರೂ ಕೂತಿಲ್ಲ ತಾನೇ?" ಮೊನ್ನೆಯೂ ಅದನ್ನೇ ಕೇಳಿದಳು. ಇಲ್ಲ ಎಂದೆ. ಅವಳ ಹಿಂದೆ ಅದೇ ಬಾಡಿಗೆ ಮನೆಯ ಗೋಡೆ, ಫೋಟೋ ಇದ್ದ ಚೌಕದಷ್ಟು ಮಾತ್ರ ಸುಣ್ಣ ಬೆಳ್ಳಗಿತ್ತು. ಒಬ್ಬಳಿಗೆ ಆ ಮನೆ ದೊಡ್ಡದು, ಬಾಡಿಗೆಯೂ ಜಾಸ್ತಿ, ಚಿಕ್ಕ ಮನೆ ನೋಡು ಎಂದು ಅಪ್ಪ ಹೇಳುತ್ತಲೇ ಇದ್ದಾರೆ. ಅವಳು ಕದಲಿಲ್ಲ. ನಾನು ಕೇಳಿಯೇಬಿಟ್ಟೆ. ಕೇಳಿದ ತಕ್ಷಣ "ತಡಿ, ಕುಕ್ಕರ್ ಕೂಗ್ತಿದೆ" ಎಂದು ಎದ್ದು ಹೋದಳು. ನನಗೆ ಯಾವ ಕುಕ್ಕರಿನ ಕೂಗೂ ಕೇಳಿಸಲಿಲ್ಲ. ಸುಮಾರು ಹೊತ್ತು ಆ ಬೆಳ್ಳನೆಯ ಚೌಕವನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಫೋನು ತಾನಾಗಿ ಆರಿತೋ, ಅವಳೇ ಆರಿಸಿದಳೋ, ಹೇಳಲಾರೆ. ನಾನು ಕೇಳಿದ ಮಾತುಗಳು ಮಾತ್ರ ಇವೇ, ಇದರಲ್ಲಿ ಅನುಮಾನವಿಲ್ಲ:

"ಅತ್ತೆ, ನೀನೂ ಲೆಕ್ಕದ ಮೇಡಂ ಅವರೂ ಅಷ್ಟು ವರ್ಷ ಒಟ್ಟಿಗಿದ್ದದ್ದು ನಿಜವಾಗ್ಲೂ ಬಾಡಿಗೆ ಉಳಿಸೋಕಾ?"